ಲೈಬ್ರರಿ ನೆಲದ ಹಳೇ ವಾಟ

ಹೊಳೆ ನೀರು ವಿಶ್ವವಿದ್ಯಾಲಯದ ಒಳಗೆ ಬಂದಿದ್ದು ಮಂಗಳವಾರ ಬೆಳಿಗ್ಗೆ ಹತ್ತೂ ಮುಕ್ಕಾಲಿಗೆ. ಅಂದ್ರೆ ಆಫೀಸಿನವರಿಗಿಂತ ಕಾಲು ಗಂಟೆ ಮುಂಚೆ. ಇದು ದಾಖಲೆಯಲ್ಲಿದೆ, ನಾನು ಕಟ್ಟಿ ಹೇಳಿದ್ದಲ್ಲ. ಮುಖ್ಯ ಗೇಟಿಂದಲೇ ಬಂತು, ಮರ್ಯಾದೆಯಾಗಿ ಬಂತು. ವಾಚ್‌ಮನ್ನು "ಯಾರನ್ನ ನೋಡ್ಬೇಕು?" ಅಂತ ಕೇಳೋದರೊಳಗೆ ಅವನ ಕುರ್ಚಿ ತೇಲ್ತಾ ಇತ್ತು.

ಎಲ್ಲಾ ಕಟ್ಟಡದಿಂದ ನೀರು ಶುಕ್ರವಾರದೊಳಗೆ ಇಳಿದುಹೋಯ್ತು. ಲೈಬ್ರರಿಯಿಂದ ಮಾತ್ರ ಇಳೀಲಿಲ್ಲ. ಅಲ್ಲಿ ಹದಿನೆಂಟು ದಿನ ನಿಂತಿತ್ತು. ಯಾಕೆ ನಿಂತಿತ್ತು ಅಂತ ದೊಡ್ಡ ದೊಡ್ಡ ಪ್ರೊಫೆಸರುಗಳು ಪ್ಯಾಂಟು ಮಡಚಿಕೊಂಡು ಬಂದು, ಕೊಡೆ ಅದ್ದಿ ಆಳ ನೋಡಿದ್ರು. ಒಬ್ರು ಭೂಮಿ ಒಳಗಿನ ಒರತೆ ಅಂದ್ರು. ಇನ್ನೊಬ್ರು ಇದಕ್ಕೆ ಮೂರು ವರ್ಷದ ಸಂಶೋಧನೆ ಬೇಕು ಅಂದ್ರು. ನನ್ನ ಕೇಳಿದ್ರೆ ಒಂದೇ ಮಾತಲ್ಲಿ ಹೇಳ್ತಿದ್ದೆ. ಆ ನೆಲ ಹಾಕಿದ್ದು ನಾನು.

ನಾನು ಮತ್ತೆ ನನ್ನ ಭಾಮೈದ ಅನ್ನಬೇಕು. ನ್ಯಾಯ ನ್ಯಾಯವೇ.

ಮೂವತ್ತೆಂಟು ವರ್ಷದ ಹಿಂದಿನ ಮಾತು. ಗಾರೆ ಕೆಲಸದಲ್ಲಿ ಈ ಸುತ್ತಿಗೆಲ್ಲ ನನ್ನ ಮುಂದೆ ನಿಲ್ಲೋ ಗಂಡಸು ಇರಲಿಲ್ಲ. ಈಗಲೂ ಇಲ್ಲ, ಆದ್ರೆ ಈಗ ನಾನೇ ಜಾಸ್ತಿ ಹೊತ್ತು ನಿಲ್ಲೋಕಾಗಲ್ಲ, ಮಂಡಿ ನೋವು. ನಾನು ದೊಡ್ಡ ಮೇಸ್ತ್ರಿ, ನನ್ನ ಹೆಂಡತಿ ತಮ್ಮ ಸಣ್ಣ ಮೇಸ್ತ್ರಿ. ಲೈಬ್ರರಿ ನೆಲ ಶುರು ಮಾಡೋ ಹಿಂದಿನ ದಿನ ಅವನು ನನ್ನ ರಸಮಟ್ಟ, ಅದೇ ಒಳಗೆ ಗುಳ್ಳೆ ಓಡಾಡೋ ಮಟ್ಟದ ಕಡ್ಡಿ, ಕೇಳದೆ ಎತ್ಕೊಂಡು ಹೋಗಿ ಬೀಳಿಸಿ ಒಡೆದ. ಒಡೆದಿದ್ದಕ್ಕೆ ಸಿಟ್ಟಿಲ್ಲ. "ಮೊದಲೇ ಬಿರುಕು ಬಿಟ್ಟಿತ್ತಲ್ಲ ಭಾವ" ಅಂದ ನೋಡಿ, ಅದಕ್ಕೆ ಸಿಟ್ಟು. ಮಾತು ಬಿಟ್ವಿ. ಏನಾದ್ರೂ ಹೇಳಲೇಬೇಕಾದ್ರೆ ನನ್ನ ಹೆಂಡತಿ ಮೂಲಕ.

ಲೈಬ್ರರಿಗೆ ಎರಡು ಬಾಗಿಲು, ಪೂರ್ವಕ್ಕೊಂದು ಪಶ್ಚಿಮಕ್ಕೊಂದು. ನಾನು ಪೂರ್ವದಿಂದ ಹಾಸುಗಲ್ಲು ಹಾಕ್ತಾ ಹೋದೆ, ಅವನು ಪಶ್ಚಿಮದಿಂದ ಹಾಕ್ತಾ ಬಂದ. ನೆಲ ಅಂದ್ಮೇಲೆ ತೊಳೆದ ನೀರು ಹೊರಗೆ ಹೋಗೋಕೆ ಒಂದು ಕಡೆ ಇಳಿಜಾರು ಬೇಕು. ನಮ್ಮ ಕಸುಬಲ್ಲಿ ಅದಕ್ಕೆ ವಾಟ ಅಂತೀವಿ. ನೀರು ಅವನ ಬಾಗಿಲಲ್ಲಿ ಹೋಗಲಿ, ಚರಂಡಿ ತೋಡೋ ಕಷ್ಟ ಅವನೇ ಪಡಲಿ ಅಂತ ನಾನು ಅವನ ಕಡೆ ವಾಟ ಕೊಟ್ಟೆ. ನನ್ನ ಬಾಗಿಲಲ್ಲಿ ಹೋಗಲಿ ಅಂತ ಅವನು ನನ್ನ ಕಡೆ ಕೊಟ್ಟ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ, ಇಲ್ಲಿ ಎರಡೂ ನೀರಿಗೇ ಎಳೆದ್ವು. ನಟ್ಟನಡುವೆ ಬಂದು ಸೇರೋ ಹೊತ್ತಿಗೆ ನೆಲ ಊಟದ ತಟ್ಟೆ ಆಗಿತ್ತು. ಮಧ್ಯದಲ್ಲಿ ಒಂದು ಗೇಣು ನಾಲ್ಕು ಬೆರಳು ತಗ್ಗು. ಆಗಿನ ಇಂಜಿನಿಯರು ಬಂದು ನೋಡಿ, "ಓದೋರಿಗೆ ತಂಪಾಗಿರುತ್ತೆ" ಅಂತ ಪಾಸು ಮಾಡಿದ್ರು.

ಮೂರು ತಿಂಗಳಾದ ಮೇಲೆ ನನ್ನ ಹೆಂಡತಿ ನಮ್ಮಿಬ್ಬರನ್ನೂ ಒಂದೇ ಬೆಂಚಲ್ಲಿ ಕೂರಿಸಿ, ಬೈದು, ರಾಜಿ ಮಾಡಿಸಿದಳು. ಆವತ್ತಿಂದ ಚೆನ್ನಾಗೇ ಇದೀವಿ. ಒಂದೇ ಬೀದಿ, ಎದುರುಬದುರು ಮನೆ. ನೆಲದ ಮಾತು ಬಂದಾಗ ಮಾತ್ರ ತಪ್ಪು ಅವನದು ಅಂತ ನಾನು, ಭಾವನದು ಅಂತ ಅವನು. ಕುಣೀಲಾರದವಳು ನೆಲ ಡೊಂಕು ಅಂದ್ಲು ಅಂತ ಗಾದೆ ಇದೆ. ಆ ಲೈಬ್ರರೀಲಿ ಯಾರು ಕುಣಿದಿದ್ರೂ ಅವಳ ಮಾತು ನಿಜ ಆಗ್ತಿತ್ತು.

ಲೈಬ್ರರಿ ಮೇಡಂ ಅಂತ ಒಬ್ರಿದಾರೆ. ಸಣ್ಣ ಆಳು, ದೊಡ್ಡ ಕನ್ನಡಕ, ಬೈದ್ರೂ ಪಿಸುಮಾತಲ್ಲೇ ಬೈತಾರೆ. ಹೊಳೆ ಏರ್ತಾ ಇದೆ ಅಂತ ರೇಡಿಯೋದಲ್ಲಿ ಹೇಳಿದ ದಿನವೇ, ಪುಸ್ತಕ ಮೇಲಕ್ಕೆ ಸಾಗಿಸೋಕೆ ಅನುಮತಿ ಬೇಕು ಅಂತ ಅರ್ಜಿ ಕೊಟ್ಟಿದ್ರು. ಅನುಮತಿ ಬಂತು. ನೀರು ಬಂದು ಒಂಬತ್ತನೇ ದಿನಕ್ಕೆ ಬಂತು. ಅಷ್ಟರಲ್ಲಿ ಆಯಮ್ಮ ಸೊಂಟದ ಮಟ್ಟ ನೀರಲ್ಲಿ ನಿಂತು, ಹುಡುಗ ಹುಡುಗೀರನ್ನ ಸಾಲು ನಿಲ್ಲಿಸಿ, ಕೈಯಿಂದ ಕೈಗೆ ದಾಟಿಸಿ ನಾಲ್ಕು ಸಾವಿರ ಚಿಲ್ಲರೆ ಪುಸ್ತಕ ಪರೀಕ್ಷಾ ಭವನದ ಮಹಡಿಗೆ ಸೇರಿಸಿಬಿಟ್ಟಿದ್ರು. ಅನುಮತಿ ಇಲ್ಲದೆ ಉಳಿಸಿದ್ದಕ್ಕೆ ಅವರಿಗೊಂದು ನೋಟಿಸೂ ಬಂತು. ಕೆಳಗಿನ ಮೂರು ಸಾಲಿನ ಪುಸ್ತಕ ಮಾತ್ರ ಸಿಗಲಿಲ್ಲ. ತಟ್ಟೇಲಿ ನೆಂದು ನೆಂದು ಯಾವುದು ಯಾವುದರ ಪುಟ ಅಂತ ಗೊತ್ತಾಗದ ಹಾಗೆ ಮುದ್ದೆಯಾದ್ವು. ಉಳಿದಿದ್ದಕ್ಕೆ ಪುಟ ಪುಟದ ನಡುವೆ ಹಳೇ ಪೇಪರು ಸಿಗಿಸಿ, ಫ್ಯಾನು ತಿರುಗಿಸಿ, ಒಂದೂವರೆ ತಿಂಗಳು ಕೂತು ಒಣಗಿಸಿದ್ರು.

ಆಮೇಲೆ ನಮ್ಮ ಮನೆಗೆ ಬಂದ್ರು.

"ಮೇಸ್ತ್ರಿಗಳೇ, ನೆಲದ ಕಲ್ಲೆಲ್ಲ ಎದ್ದುಬಂದಿದೆ. ಹೊಸದಾಗಿ ಹಾಕಿಸ್ತಾರಂತೆ. ಈ ಸಲ ಎತ್ತರಿಸಿ ಕೊಡಿ. ಮುಂದಿನ ಮಳೆಗೆ ಹೊಳೆ ಮತ್ತೆ ಬಂದೇ ಬರುತ್ತೆ. ಇನ್ನೊಂದು ಸಲ ನೆಂದ್ರೆ ಈ ಪುಸ್ತಕ ಉಳಿಯೋದಿಲ್ಲ."

"ಎತ್ತರ ಅಂದ್ರೆ ಎಂಥಾ ಎತ್ತರ ಮೇಡಂ? ನೀರು ಒಳಗೆ ಬರಬೇಕಾದ್ರೆ ಏಣಿ ತರಬೇಕು, ಹಾಗೆ ಹಾಕ್ತೀನಿ" ಅಂದೆ.

ನಾನು ಮಾತು ಕೊಟ್ರೆ ಕೊಟ್ಟ ಹಾಗೆ. ಆದ್ರೆ ಅಷ್ಟರಲ್ಲಿ ನಿಯಮ ಬಂತು.

ನೆರೆ ಪರಿಹಾರ ನಿಧಿಯಿಂದ ಒಬ್ಬ ಸಾಹೇಬ್ರು ಬಂದಿಳಿದ್ರು. ಸೊಂಟದಲ್ಲಿ ಯಾವಾಗ್ಲೂ ಅಳತೆ ಟೇಪು. ಕೈಕುಲುಕೋಕೆ ಮುಂಚೆ ಎದುರಿನವರ ಕೈ ಉದ್ದ ನೋಡ್ತಾರೇನೋ ಅನ್ನಿಸ್ತಿತ್ತು. ಎಲ್ಲರೂ ಟೇಪು ಸಾಹೇಬ್ರು ಅಂತಲೇ ಕರೆದ್ವಿ. ಅವರು ನೋಟಿಸ್ ಬೋರ್ಡಿಗೆ ಒಂದು ಕಾಗದ ಹಚ್ಚಿಸಿದ್ರು. ಮೇಡಂ ನನಗೆ ಓದಿ ಹೇಳಿದ್ರು:

"ಪೂರ್ವಸ್ಥಿತಿ ಸ್ಥಾಪನಾ ನಿಯಮ ಏಳು. ನೆರೆಗೆ ಮುನ್ನ ಯಾವುದು ಹೇಗಿತ್ತೋ ಅದು ಹಾಗೆಯೇ ಇರತಕ್ಕದ್ದು. ಇದ್ದುದಕ್ಕಿಂತ ಕಡಿಮೆಯಾದಲ್ಲಿ ಲೋಪವೆಂದೂ, ಇದ್ದುದಕ್ಕಿಂತ ಉತ್ತಮವಾದಲ್ಲಿ ದುರುಪಯೋಗವೆಂದೂ ಪರಿಗಣಿಸಿ, ಇಡೀ ಅನುದಾನವನ್ನು ಹಿಂಪಡೆಯಲಾಗುವುದು."

ನಿಯಮ ಒಳ್ಳೇದೇ. ಇಲ್ಲದಿದ್ರೆ ಜನ ನೆರೆ ಹೆಸರು ಹೇಳ್ಕೊಂಡು ಉದ್ಧಾರ ಆಗಿಬಿಡ್ತಾರೆ.

ಎಲ್ಲಾ ವಿಭಾಗದವರೂ ತಮ್ಮಲ್ಲಿ ನೆರೆಗೆ ಮುಂಚೆ ಏನೇನಿತ್ತು ಅಂತ ಬರೆದುಕೊಡಬೇಕಾಗಿತ್ತು. ಹಳೇ ಫೋಟೋ ಇದ್ದವರಿಗೆ ಫೋಟೋ ಪ್ರಕಾರ. ಫೋಟೋ ಇಲ್ಲದವರಿಗೆ ಜ್ಞಾಪಕದ ಪ್ರಕಾರ. ಕುಲಪತಿಗಳ ಕೊಠಡಿಯದು ಫೋಟೋ ಇರಲಿಲ್ಲ. ಅವರು ಒಂದು ವಾರ ಕಣ್ಣು ಮುಚ್ಚಿ ಕೂತು ಜ್ಞಾಪಿಸಿಕೊಂಡ್ರು. ಮೊದಲನೇ ದಿನ ಅಮೃತಶಿಲೆ ನೆಲ ಜ್ಞಾಪಕಕ್ಕೆ ಬಂತು. ಮೂರನೇ ದಿನ ಎರಡು ಸ್ನಾನದ ಮನೆ ಬಂತು. ಐದನೇ ದಿನ ಒಂದರಲ್ಲಿ ತೊಟ್ಟಿಯೂ ಇತ್ತು ಅನ್ನೋದು ಹೊಳೀತು. ಇನ್ನೂ ಎರಡು ದಿನ ಕೊಟ್ಟಿದ್ರೆ ಪಾಪ ಈಜುಕೊಳವೂ ನೆನಪಾಗ್ತಿತ್ತು, ಅವಧಿ ಮುಗಿದುಹೋಯ್ತು.

ಲೈಬ್ರರಿಯದು ಫೋಟೋ ಇತ್ತು. ಮೇಡಂ ದುರದೃಷ್ಟ. ಯಾವುದೋ ವಾರ್ಷಿಕೋತ್ಸವದ ಫೋಟೋ. ಅದರಲ್ಲಿ ಮಧ್ಯದ ಸಾಲಿನ ಕುರ್ಚಿಯವರೆಲ್ಲ ಒಂದು ಗೇಣು ಕುಳ್ಳಗೆ ಕಾಣ್ತಿದ್ರು.

ಟೇಪು ಸಾಹೇಬ್ರು ಭೂತಗನ್ನಡಿ ಇಟ್ಟು ನೋಡಿದ್ರು. "ನೆಲದ ನಡುವೆ ಒಂದು ಗೇಣು ನಾಲ್ಕು ಬೆರಳು ತಗ್ಗು. ಇದನ್ನ ಮತ್ತೆ ಹಾಗೇ ಮಾಡ್ಬೇಕು."

ಮೇಡಂ ಅಂದ್ರು, "ಸರ್, ಆ ತಗ್ಗಿಂದಲೇ ಪುಸ್ತಕ ಹಾಳಾಗಿದ್ದು."

"ತಗ್ಗು ಇತ್ತು ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು" ಅಂತ ಅವರು ಬರ್ಕೊಂಡ್ರು. "ಈ ತಗ್ಗು ಮೂಲದಲ್ಲಿ ಯಾರು ಮಾಡಿದ್ದು? ಅವರನ್ನೇ ಕರೆಸಿ. ಬೇರೆಯವರು ಮಾಡಿದ್ರೆ ಅದು ನಕಲಿ ದೋಷ ಆಗುತ್ತೆ. ಮೂಲ ದೋಷಕರ್ತರಿಗೆ ಪ್ರಮಾಣಪತ್ರ ಕೊಟ್ಟು, ಕೂಲಿ ಕೊಟ್ಟು, ಗೌರವದಿಂದ ಮಾಡಿಸ್ಬೇಕು."

ಪ್ರಮಾಣಪತ್ರ ಅಂದ ತಕ್ಷಣ ನಾನು ಎದ್ದು ನಿಂತೆ. "ನಾನೇ ಸ್ವಾಮಿ. ಆ ತಪ್ಪು ನನ್ನದು."

ಬಾಗಿಲ ಹತ್ರ ಒರಗಿಕೊಂಡಿದ್ದ ಭಾಮೈದ ಮುಂದೆ ಬಂದ. "ಸುಳ್ಳು ಸ್ವಾಮಿ! ಮೂವತ್ತೆಂಟು ವರ್ಷದಿಂದ ಭಾವ ನನ್ನದು ತಪ್ಪು ಅಂತ ಊರಿಗೆಲ್ಲ ಸಾರಿದಾರೆ. ಈಗ ಹೆಸರು ಬರುತ್ತೆ ಅಂದ ತಕ್ಷಣ ತಮ್ಮದಂತೆ!"

"ಲೋ, ನಿನ್ನ ಕೈಯಲ್ಲಿ ಅಷ್ಟು ಚೆಂದದ ತಪ್ಪು ಆಗುತ್ತೇನೋ?"

"ಆಗಿದೆ, ನೋಡು ಭಾವ! ಅರ್ಧ ತಪ್ಪು ನಂದೇ!"

ಸಾಹೇಬ್ರು ಎರಡು ದಿನ ವಿಚಾರಣೆ ಮಾಡಿ, ತಪ್ಪನ್ನ ಸರಿಯಾಗಿ ಎರಡು ಪಾಲು ಮಾಡಿ, ಪೂರ್ವದ ತಪ್ಪು ನನಗೆ, ಪಶ್ಚಿಮದ್ದು ಅವನಿಗೆ ಅಂತ ಬರೆದುಕೊಟ್ರು. ನನ್ನ ಪ್ರಮಾಣಪತ್ರ ಚೌಕಟ್ಟು ಹಾಕಿಸಿ ಗೋಡೆಗೆ ಹಾಕಿದೀನಿ. ಅವನದಕ್ಕೆ ಗಾಜಿಲ್ಲ.

ಮೇಡಂ ಮಾತ್ರ ನನ್ನ ನೋಡಿದ ನೋಟ ಚೆನ್ನಾಗಿರಲಿಲ್ಲ. "ನಾನು ಎತ್ತರಿಸಿ ಅಂದಿದ್ದೆ" ಅಂದ್ರು, ಪಿಸುಮಾತಲ್ಲೇ. ನಾನು ಏನೋ ಹೇಳೋಕೆ ಹೋಗಿ ಕೆಮ್ಮಿಬಿಟ್ಟೆ.

ಕೆಲಸ ಶುರುವಾಯ್ತು. ನಾನು ಪೂರ್ವದಿಂದ, ಅವನು ಪಶ್ಚಿಮದಿಂದ. ಹನ್ನೆರಡು ದಿನಕ್ಕೆ ಮಧ್ಯದಲ್ಲಿ ಸೇರಿದ್ವಿ. ಸಾಹೇಬ್ರು ಒಂದು ಗೋಲಿ ತಂದು ನೆಲದ ಮೇಲೆ ಬಿಟ್ರು. ಗೋಲಿ ಬಿಟ್ಟ ಕಡೆ ಕೂತ್ಕೊಂಡಿತು. ಅಲ್ಲಾಡಲಿಲ್ಲ. ನೆಲ ಕನ್ನಡಿ ಹಾಗೆ ಮಟ್ಟ ಬಂದಿತ್ತು.

ಮೇಡಂ ಮುಖ ಅರಳಿತು. ಸಾಹೇಬ್ರ ಮುಖ ಬಿದ್ದುಹೋಯ್ತು. "ಇದೇನ್ರೀ ಇದು, ಇಷ್ಟು ಚೆನ್ನಾಗಿ ಮಾಡಿದೀರಿ? ಹೊಣೆಗಾರಿಕೆ ಬೇಡ್ವಾ?"

ಹೇಗಾಯ್ತು ಅಂದ್ರೆ, ನಾವು ಮಾತಾಡ್ಕೊಂಡು ಕೆಲಸ ಮಾಡಿದ್ವಿ. "ಭಾವ, ನಿನ್ನ ಕಡೆ ಒಂದು ನೂಲು ಎತ್ತು" ಅಂತ ಅವನು, "ನಿಂದು ಒಂದು ನೂಲು ಇಳಿಸೋ" ಅಂತ ನಾನು. ಕೈ ಸುಮ್ಮನೆ ಇರಲ್ಲವಲ್ಲ, ಕಸುಬು ಗೊತ್ತಿರೋ ಕೈ. ವಿಚಾರಣೇಲಿ ಇದೆಲ್ಲ ಹೊರಗೆ ಬಂತು. ಮಾರನೇ ದಿನ ನೋಟಿಸ್ ಬೋರ್ಡಲ್ಲಿ ಇನ್ನೊಂದು ಕಾಗದ:

"ಈ ಮೂಲಕ ತಿಳಿಯಪಡಿಸುವುದೇನೆಂದರೆ, ಲೈಬ್ರರಿ ನೆಲದ ಕಾಮಗಾರಿ ಮುಗಿಯುವವರೆಗೆ ದೊಡ್ಡ ಮೇಸ್ತ್ರಿ ಹಾಗೂ ಸಣ್ಣ ಮೇಸ್ತ್ರಿ ಇವರು ಪರಸ್ಪರ ಮಾತನಾಡತಕ್ಕದ್ದಲ್ಲ. ಮುಗುಳ್ನಗೆ, ಕಣ್ಸನ್ನೆ ಹಾಗೂ ಅರ್ಥಗರ್ಭಿತ ಕೆಮ್ಮು ಇವುಗಳನ್ನು ಮಾತಿಗೆ ಸಮಾನವೆಂದು ಪರಿಗಣಿಸಲಾಗುವುದು. ಅತ್ಯಗತ್ಯ ವಿಷಯಗಳನ್ನು ಹಿಂದಿನಂತೆಯೇ ದೊಡ್ಡ ಮೇಸ್ತ್ರಿಯ ಪತ್ನಿಯವರ ಮೂಲಕ ತಿಳಿಸತಕ್ಕದ್ದು."

ಹೀಗೆ ನನ್ನ ಹೆಂಡತಿಗೆ ವಿಶ್ವವಿದ್ಯಾಲಯದಲ್ಲಿ ಕೆಲಸ ಸಿಕ್ಕಿತು. ಲೈಬ್ರರಿ ಮಧ್ಯದಲ್ಲಿ ಅವಳಿಗೊಂದು ಕುರ್ಚಿ. ಕಲ್ಲು ಕಿತ್ತು ಮತ್ತೆ ಹಾಕಿದ್ವಿ. ಒಂದು ಮಾತಿಲ್ಲ, ಒಂದು ಕೆಮ್ಮಿಲ್ಲ. ಸಾಹೇಬ್ರು ಗೋಲಿ ಬಿಟ್ರು. ಗೋಲಿ ಸ್ವಲ್ಪ ಯೋಚನೆ ಮಾಡಿ ಎರಡು ಬೆರಳು ಉರುಳಿ ನಿಂತಿತು.

"ಮಾತು ನಿಂತಿದೆ, ದ್ವೇಷ ಬಂದಿಲ್ಲ" ಅಂದ್ರು ಸಾಹೇಬ್ರು. "ಮೂಲ ಕಾಮಗಾರೀಲಿ ದ್ವೇಷ ಎಷ್ಟಿತ್ತು?"

ಕೂತಲ್ಲಿಂದಲೇ ನನ್ನ ಹೆಂಡತಿ ಅಂದ್ಲು, "ಮನೆ ತುಂಬಾ ಇತ್ತು ಸಾಹೇಬ್ರೇ. ಅದಕ್ಯಾಕೆ ಇಷ್ಟು ಒದ್ದಾಡ್ತೀರಿ? ಒಂದು ಗಂಟೆ ನನಗೆ ಬಿಡಿ."

ಅವಳು ಮೊದಲು ನನ್ನ ಹತ್ರ ಬಂದು ಕೂತಳು. "ಏನ್ರೀ, ನಾನು ಇಷ್ಟು ವರ್ಷ ಹೇಳಿರಲಿಲ್ಲ. ನಮ್ಮ ಮನೆ ಕಟ್ಟಿದಾಗ ನನ್ನ ತಮ್ಮ ಏನಂದಿದ್ದ ಗೊತ್ತಾ?"

"ಏನಂದಿದ್ದ?"

"ಅಕ್ಕಾ, ಭಾವನ ಗೋಡೆ ಪಕ್ಕ ಮಲಗಬೇಡ. ಅದಕ್ಕೇ ನಿದ್ದೆ ಬಂದ ಹಾಗೆ ವಾಲಿದೆ, ಅಂದಿದ್ದ."

ನನ್ನ ಕಿವಿ ಬಿಸಿಯಾಯ್ತು. ನನ್ನ ಗೋಡೆ! ದಾರ ಹಿಡಿದ್ರೆ ದಾರಕ್ಕೇ ನಾಚಿಕೆ ಆಗ್ಬೇಕು, ಅಂಥಾ ಗೋಡೆ! ಅವಳು ಅಷ್ಟಕ್ಕೆ ಬಿಡಲಿಲ್ಲ, ವರ್ಷವಾರು ಹೇಳ್ತಾ ಬಂದ್ಲು. ಮೂವತ್ತೆಂಟು ವರ್ಷದ್ದು ಒಂದೂ ಮರೆತಿರಲಿಲ್ಲ. ಆಮೇಲೆ ಎದ್ದು ಅವನ ಹತ್ರ ಹೋಗಿ ಕೂತಳು. ದೂರದಿಂದ ನನಗೆ ಒಂದೇ ಒಂದು ಕೇಳಿಸ್ತು: "ನನ್ನ ಭಾಮೈದನ ಕೈಗೆ ಕರಣೆ ಕೊಡೋದೂ ಒಂದೇ, ಕೋತಿ ಕೈಗೆ ಕನ್ನಡಿ ಕೊಡೋದೂ ಒಂದೇ, ಅಂದಿದ್ರು ಕಣೋ." ಹೌದು, ಅಂದಿದ್ದೆ. ಆದ್ರೆ ಹೇಳಬೇಡ ಅಂತಲೂ ಅಂದಿದ್ದೆ.

ಆವತ್ತು ಮಧ್ಯಾಹ್ನದಿಂದ ಕಲ್ಲು ಬೀಳೋ ಸದ್ದೇ ಬೇರೆ. ನಾನು ವಾಟ ಕೊಟ್ಟೆ ನೋಡಿ ಅವನ ಕಡೆಗೆ, ಹೊಳೆಯಲ್ಲ, ಸಮುದ್ರ ಬಂದ್ರೂ ಅವನ ಬಾಗಿಲಿಗೇ ಹೋಗಬೇಕು! ಅವನೂ ಹಲ್ಲು ಕಚ್ಚಿಕೊಂಡು ಕೊಟ್ಟ. ಮುಗಿದ ದಿನ ಸಾಹೇಬ್ರು ಗೋಲಿ ಬಿಟ್ರೆ, ಎರಡೂ ಬಾಗಿಲಿಂದ ಗೋಲಿ ಓಡೋಡಿ ಬಂದು ನನ್ನ ಹೆಂಡತಿ ಕುರ್ಚಿ ಕೆಳಗೆ ಸೇರ್ಕೊಂಡಿತು. ಸಾಹೇಬ್ರು ಅಳೆದ್ರು. ಒಂದು ಗೇಣು ಐದು ಬೆರಳು.

"ಒಂದು ಬೆರಳು ಹೆಚ್ಚಿದೆಯಲ್ಲಮ್ಮ."

"ತಿಳೀತು" ಅಂತ ಅವಳು ನನ್ನ ಹತ್ರ ಬಂದು, "ನಿಮಗೆ ಜ್ವರ ಬಂದಾಗ ಅವನು ಬಾಗಿಲಲ್ಲಿ ನಿಂತು ಅತ್ತಿದ್ದ ರೀ" ಅಂದ್ಲು. ಒಂದು ಬೆರಳಿಗೆ ಅಷ್ಟು ಸಾಕಾಯ್ತು. ಮಧ್ಯದ ಎಂಟು ಕಲ್ಲು ಎತ್ತಿ ಸರಿ ಮಾಡಿದೆ. ಒಂದು ಗೇಣು ನಾಲ್ಕು ಬೆರಳು. ಸಾಹೇಬ್ರು ಚಪ್ಪಾಳೆ ಹೊಡೆದ್ರು, ಕುಲಪತಿಗಳೂ ಹೊಡೆದ್ರು. ಮೇಡಂ ಹೊಡೀಲಿಲ್ಲ.

ಹೊಡೆಯೋ ಹಾಗೂ ಇರಲಿಲ್ಲ. ಯಾಕಂದ್ರೆ ನಿಯಮ ಹನ್ನೊಂದು ಇನ್ನೂ ಬಾಕಿ ಇತ್ತು.

"ಪೂರ್ವಸ್ಥಿತಿಯು ನೋಟಕ್ಕೆ ಮಾತ್ರವಲ್ಲದೆ ನಡವಳಿಕೆಯಲ್ಲಿಯೂ ಇರತಕ್ಕದ್ದು" ಅಂತ ಅದು. ಅಂದ್ರೆ ಲೈಬ್ರರಿಗೆ ಟ್ಯಾಂಕರಲ್ಲಿ ನೀರು ತಂದು ತುಂಬಬೇಕು. ಹಿಂದಿನಷ್ಟೇ ಎತ್ತರ, ಹಿಂದಿನ ಹಾಗೇ ಹದಿನೆಂಟು ದಿನ ನಿಲ್ಲಬೇಕು. ನಿಂತ್ರೆ ಪಾಸು. ಮತ್ತೆ, ನೆರೆ ದಿನ ಲೈಬ್ರರೀಲಿ ಏನೇನಿತ್ತೋ ಅದೆಲ್ಲ ಅದರದರ ಜಾಗದಲ್ಲಿರಬೇಕು. ಮೇಜು, ಕುರ್ಚಿ, ನಿಂತುಹೋದ ಗಡಿಯಾರ, ಪುಸ್ತಕ.

"ಸೋಮವಾರ ನೀರು ಬಿಡ್ತೀವಿ. ಶನಿವಾರದೊಳಗೆ ನಾಲ್ಕು ಸಾವಿರವೂ ಕಪಾಟಿಗೆ ಬರಲಿ. ಕೆಳಗಿನ ಮೂರು ಸಾಲು ಖಾಲಿ ಇರಬಾರದು, ಅಲ್ಲಿಂದಲೇ ತುಂಬಿಸ್ತಾ ಬನ್ನಿ" ಅಂತ ಆಜ್ಞೆ ಆಯ್ತು.

ಶನಿವಾರ ಬೆಳಿಗ್ಗೆ ನಾವೆಲ್ಲ ಲೈಬ್ರರೀಲಿ ಇದ್ವಿ. ಸಾಹೇಬ್ರು, ಕುಲಪತಿಗಳು, ನಾನು, ಭಾಮೈದ, ಮಧ್ಯದ ಕುರ್ಚೀಲಿ ನನ್ನ ಹೆಂಡತಿ. ಕಪಾಟೆಲ್ಲ ಖಾಲಿ. ಮೇಡಂ ಬಂದ್ರು. ಕೈಯಲ್ಲಿ ಪುಸ್ತಕ ಇರಲಿಲ್ಲ.

"ಪುಸ್ತಕ ಎಲ್ಲಿ?" ಅಂದ್ರು ಸಾಹೇಬ್ರು.

"ಇಡೋ ಹಾಗಿಲ್ಲ ಸರ್. ಇಟ್ರೆ ನಿಯಮ ಉಲ್ಲಂಘನೆ ಆಗುತ್ತೆ." ಆಯಮ್ಮ ಮೊದಲನೇ ಸಲ ಗಟ್ಟಿಯಾಗಿ ಮಾತಾಡಿದ್ದು. ಲೈಬ್ರರೀಲಿ ಅಷ್ಟು ದೊಡ್ಡ ದನಿ ಕೇಳಿ ಅವರೇ ಒಂದು ಕ್ಷಣ ಬೆಚ್ಚಿದ್ರು. "ನೆರೆ ದಿನ ಆ ನಾಲ್ಕು ಸಾವಿರ ಪುಸ್ತಕ ಇಲ್ಲಿ ಇರಲೇ ಇಲ್ಲ. ಇಲ್ಲಿದ್ದವು ನೆಂದು ಹೋದ್ವು. ಇವು ಹೋಗಿಲ್ಲ. ಆದ್ದರಿಂದ ಇವು ಇರಲಿಲ್ಲ."

ಸಾಹೇಬ್ರು ಇದನ್ನ ಎರಡು ಸಲ ಬಾಯಲ್ಲಿ ಹೇಳ್ಕೊಂಡ್ರು. ಸರಿಯಾಗೇ ಇತ್ತು.

"ಮತ್ತೆ ಎಲ್ಲಿದ್ವು?"

"ಓದೋಕೆ ಎರವಲು ಕೊಟ್ಟಿದ್ದೆ."

"ನಾಲ್ಕು ಸಾವಿರ? ಯಾರಿಗೆ? ರಿಜಿಸ್ಟರ್ ತೋರಿಸಿ."

"ರಿಜಿಸ್ಟರ್ ನೀರಲ್ಲಿ ಹೋಯ್ತು. ಆದ್ರೆ ಜ್ಞಾಪಕ ಇದೆ. ಫೋಟೋ ಇಲ್ಲದ ಕಡೆ ಜ್ಞಾಪಕ ನಡೆಯುತ್ತಲ್ಲ ಸರ್?"

ಕುಲಪತಿಗಳು, "ನಡೆಯುತ್ತೆ ನಡೆಯುತ್ತೆ" ಅಂದ್ರು ಗಡಿಬಿಡಿಯಲ್ಲಿ. ಅವರ ತೊಟ್ಟಿಗೆ ಇನ್ನೂ ನಲ್ಲಿ ಬಂದಿರಲಿಲ್ಲ, ಮೇಡಂಗೆ ಕೊಟ್ಟ ನೋಟಿಸು ಜ್ಞಾಪಕಕ್ಕೂ ಬರಲಿಲ್ಲ.

ಮೇಡಂ ಸುತ್ತ ನೋಡಿದ್ರು. ಯಾರ ಹೆಸರು ಹೇಳೋದು? ಪ್ರೊಫೆಸರುಗಳ ಹೆಸರು ಹೇಳಿದ್ರೆ ಯಾರೂ ನಂಬಲ್ಲ. ಕಣ್ಣು ಬಂದು ನನ್ನ ಮೇಲೆ ನಿಂತಿತು.

"ಈ ಮೇಸ್ತ್ರಿಗಳಿಗೆ" ಅಂದ್ರು.

ಸಾಹೇಬ್ರು ನನ್ನ ಕಡೆ ತಿರುಗಿದ್ರು. "ನಿಮಗೆ ಓದೋಕೆ ಬರುತ್ತಾ?"

ನಿಜ ಹೇಳಬೇಕಂದ್ರೆ ನನಗೆ ಬಸ್ ನಂಬರು ಬರುತ್ತೆ, ನನ್ನ ಸಹಿ ಬರುತ್ತೆ. ಎರಡನೇ ಕ್ಲಾಸಲ್ಲಿ ಮೇಷ್ಟ್ರು ಕಿವಿ ಹಿಂಡಿದ್ರು, ಅಲ್ಲಿಗೆ ನಾನು ಅವರನ್ನ ಬಿಟ್ಟೆ. ಆದ್ರೆ ಸಾಹೇಬ್ರು ಈ ಪ್ರಶ್ನೆ ಕೇಳಿದ್ದು ಎಲ್ಲಿ? ಭಾಮೈದನ ಎದುರಿಗೆ! ಬರಲ್ಲ ಅಂತ ಹೇಗ್ರೀ ಹೇಳೋದು?

"ಓದೋದೇನು ಸ್ವಾಮಿ, ಪುಸ್ತಕ ಅಂದ್ರೆ ನನಗೆ ಪ್ರಾಣ. ಕುಡಿದುಬಿಟ್ಟಿದೀನಿ ಎಲ್ಲಾನೂ."

"ಪುಟ ಎಲ್ಲಾ ನೆಂದು ಒಣಗಿದ ಹಾಗೆ ಸುರುಟಿದೆಯಂತಲ್ಲ?"

"ಹೊತ್ತು ಸಾಲದು ಸ್ವಾಮಿ. ಸ್ನಾನ ಮಾಡ್ತಾನೂ ಓದ್ತೀನಿ."

ಮಧ್ಯದ ಕುರ್ಚೀಲಿ ನನ್ನ ಹೆಂಡತಿ ಸೆರಗು ಬಾಯಿಗೆ ಒತ್ಕೊಂಡಳು. ಸಾಹೇಬ್ರಿಗೆ ಅನುಮಾನ ಹೋಗಲಿಲ್ಲ. ಅವರು ಭಾಮೈದನ ಕಡೆ ತಿರುಗಿದ್ರು. "ನೀವು ಇವರಿಗೆ ಶತ್ರು. ನಮ್ಮ ಆದೇಶದ ಪ್ರಕಾರ ಶತ್ರು. ಆದ್ದರಿಂದ ನಿಜ ಹೇಳ್ತೀರಿ. ಇವರು ಓದ್ತಾರಾ?"

ಗೋಡೆ ವಿಷಯ, ಕೋತಿ ವಿಷಯ, ಎಲ್ಲಾ ಇನ್ನೂ ಹಸಿ ಗಾರೆ ಹಾಗೆ ಇತ್ತು. ಅವನು ಒಂದು ಮಾತು ಅಂದ್ರೆ ನನ್ನ ಮಾನವೂ ಹೋಯ್ತು, ಸೋಮವಾರ ಪುಸ್ತಕವೂ ಹೋಯ್ತು. ಅವನು ನನ್ನ ನೋಡಿದ. ಖಾಲಿ ಕಪಾಟು ನೋಡಿದ. ಮೇಡಂ ನಿಂತ ಜಾಗ ನೋಡಿದ. ಆಯಮ್ಮ ಎರಡೂ ಕೈಯಲ್ಲಿ ಕಪಾಟಿನ ಅಂಚು ಹಿಡ್ಕೊಂಡಿದ್ರು, ಬೆರಳೆಲ್ಲ ಬೆಳ್ಳಗಾಗಿತ್ತು.

"ಓದ್ತಾರೆ ಸ್ವಾಮಿ" ಅಂದ ಭಾಮೈದ. "ಬರೀ ಓದೋದೇ. ಅದಕ್ಕೇ ಇವರು ಕಟ್ಟಿದ ಗೋಡೆ ಸೊಟ್ಟ."

ಸಾಹೇಬ್ರು ಬರ್ಕೊಂಡ್ರು. ಕುಲಪತಿಗಳು ನನ್ನ ಹತ್ರ ಸರಿದು, ಸ್ವಲ್ಪ ಸಂಕೋಚದಿಂದ, "ಅದರಲ್ಲಿ ನಂದೂ ಒಂದು ಪುಸ್ತಕ ಇತ್ತು" ಅಂದ್ರು.

"ಮೊದಲು ಓದಿದ್ದೇ ಅದು. ಎರಡು ಸಲ."

"ಹೇಗಿತ್ತು?"

"ಶುರು ಗಟ್ಟಿಯಾಗಿದೆ. ಮಧ್ಯದಲ್ಲಿ ಎಳೆದಿದೀರಿ. ಕೊನೇಲಿ ಅವಸರ ಮಾಡಿದೀರಿ." ನಮ್ಮ ಹುಡುಗರು ಕಟ್ಟೋ ಕಾಂಪೌಂಡಿಗೆಲ್ಲ ನಾನು ಇದನ್ನೇ ಹೇಳೋದು.

ಕುಲಪತಿಗಳ ಕಣ್ಣಲ್ಲಿ ನೀರು ಬಂತು. "ಇಪ್ಪತ್ತೆರಡು ವರ್ಷದಲ್ಲಿ ಮೊದಲನೇ ವಿಮರ್ಶೆ" ಅಂದ್ರು. ಅಲ್ಲೇ ನಿಂತು ಸಹಿ ಹಾಕಿದ್ರು: ನೆರೆ ದಿನ ಸದರಿ ಪುಸ್ತಕಗಳು ಸದರಿ ಮೇಸ್ತ್ರಿಯವರ ಮನೆಯಲ್ಲಿದ್ದವು, ಆದ್ದರಿಂದ ಪೂರ್ವಸ್ಥಿತಿ ಕಾಪಾಡುವ ಸಲುವಾಗಿ ಮುಂದೆಯೂ ಅಲ್ಲಿಯೇ ಇರತಕ್ಕದ್ದು.

ಶನಿವಾರ ಸಂಜೆಯೊಳಗೆ ನಾಲ್ಕು ಲಾರಿ ಪುಸ್ತಕ ನಮ್ಮ ಮನೆಗೆ ಬಂತು. ನಮ್ಮ ಬೀದಿ ದಿಣ್ಣೆ ಮೇಲಿದೆ, ಹೊಳೆ ಇವತ್ತಿನವರೆಗೆ ಆ ಕಡೆ ತಲೆ ಹಾಕಿಲ್ಲ. ಮಂಚದ ಕೆಳಗೆ ಇತಿಹಾಸ, ಅಟ್ಟದ ಮೇಲೆ ಗಣಿತ, ಅಡುಗೆಮನೆ ಗೂಡಲ್ಲಿ ಕಾನೂನು. ಹೆಂಡತಿ ಸೊಂಟಕ್ಕೆ ಕೈ ಇಟ್ಕೊಂಡು ನಿಂತಿದ್ಲು. "ಮದುವೆಯಾದಾಗಿಂದ ಒಂದು ಕ್ಯಾಲೆಂಡರು ಮನೆಗೆ ತಂದೋರಲ್ಲ. ತಂದ್ರೆ ಒಂದೇ ಸಲ!" ಮೇಡಂ ಮಂಚದ ಕೆಳಗೆ ಬಗ್ಗಿ, ಅಂಗೈಯಿಂದ ನೆಲ ಸವರಿ ನೋಡಿದ್ರು. ಒಣಗಿತ್ತು. ಇನ್ನೊಂದು ಸಲ ಸವರಿದ್ರು. ಆಮೇಲೆ ಅಲ್ಲೇ ಕೂತು ಒಂದು ಲೋಟ ನೀರು ಕೇಳಿದ್ರು.

ಸೋಮವಾರ ನೀರು ಬಿಟ್ರು. ಖಾಲಿ ಲೈಬ್ರರೀಲಿ ನೀರು ಹದಿನೆಂಟು ದಿನ, ಒಂದು ದಿನ ಹೆಚ್ಚಿಲ್ಲ ಕಡಿಮೆಯಿಲ್ಲ, ನಿಂತಿತು. ನಾನು ಹಾಕಿದ ನೆಲ, ನಿಲ್ಲದೆ ಏನು ಮಾಡುತ್ತೆ? ಲೈಬ್ರರಿ ಪಾಸಾಯ್ತು. ನೆಲ ತೊಳೆದ ನೀರೂ ಹೊರಗೆ ಹೋಗಲ್ಲ, ಅದಕ್ಕೆ ಈಗಲೂ ಅಲ್ಲೊಬ್ರು ಗುಮಾಸ್ತರು ಮೇಜಿನ ಮೇಲೆ ಕಾಲು ಮಡಚಿ ಕೂತಿರ್ತಾರೆ. ಹದಿನಾಲ್ಕು ದಿನಕ್ಕೊಂದು ಸಲ ನಾನು ಹೋಗಿ ನಾಲ್ಕು ಸಾವಿರ ಪುಸ್ತಕದ ಅವಧಿ ಮುಂದಕ್ಕೆ ಹಾಕಿಸ್ಕೊಂಡು ಬರ್ತೀನಿ. ಓದೋ ಹುಡುಗರು ನಮ್ಮ ಮನೆಗೆ ಬರ್ತಾರೆ. ಮೇಡಂ ಕುರ್ಚಿ ಹಜಾರದಲ್ಲಿದೆ.

ಸುದ್ದಿ ಹರಡ್ತು. ಒಂದು ದಿನ ರಸಾಯನಶಾಸ್ತ್ರದ ಪ್ರೊಫೆಸರು ಬಂದು ಭಾಮೈದನ ಮನೆ ಬಾಗಿಲು ತಟ್ಟಿದ್ರು. ನೆರೆ ದಿನ ತಮ್ಮ ಗಾಜಿನ ಸಾಮಾನೆಲ್ಲ ಅವನ ಹತ್ರ ಇದ್ದ ಹಾಗೆ ಜ್ಞಾಪಕ ಅಂದ್ರು. ಅವನಿಗೂ ಜ್ಞಾಪಕ ಬಂತು. ನಾನು ಓದಿದ್ರೆ ಅವನು ಸುಮ್ಮನೆ ಇರ್ತಾನಾ, ಅವನು ಪ್ರಯೋಗ ಮಾಡಿದ. ಆಮೇಲೆ ಭೂಪಟಗಳು ಟೈಲರ್ ಮನೇಲಿದ್ವು ಅಂತ ತಿಳೀತು, ಪರೀಕ್ಷೆ ಪೇಪರು ಕ್ಷೌರದಂಗಡೀಲಿ. ಪಾಠಗಳು ಅಲ್ಲಲ್ಲೇ ನಡೆಯೋಕೆ ಶುರುವಾದ್ವು. ಕ್ಯಾಂಪಸ್ಸಲ್ಲಿ ಕಟ್ಟಡ ಎಲ್ಲಾ ಹಿಂದಿದ್ದ ಹಾಗೇ, ಬಾಗಿಲು ಹಿಂದಿದ್ದ ಹಾಗೇ ಕೀರ್ ಅಂತಾವೆ, ಸೂರು ಹಿಂದಿದ್ದ ಹಾಗೇ ಸೋರ್ತಾವೆ. ಕುಲಪತಿಗಳು ಮಾತ್ರ ಅಲ್ಲೇ ಇದಾರೆ, ಅಮೃತಶಿಲೆ ಮೇಲೆ.

ಈ ಮಳೆಗಾಲ ಹೊಳೆ ಬಂತು. ನೇರ ಕ್ಯಾಂಪಸ್ಸಿಗೆ ಹೋಯ್ತು, ಲೈಬ್ರರಿಯಲ್ಲಿ ಕೂತಿತು. ನಮ್ಮ ಬೀದೀಲಿ ಅದೇ ಹೊತ್ತಿಗೆ ಪರೀಕ್ಷೆ ನಡೀತಾ ಇತ್ತು, ಯಾರೂ ತಲೆ ಎತ್ತಿ ನೋಡಲಿಲ್ಲ. ಹದಿನೆಂಟನೇ ದಿನ ಟೇಪು ಸಾಹೇಬ್ರು ಬಂದು ಲೈಬ್ರರಿ ನೀರಿಗಿಳಿದ್ರು. ನೀರು ಅಳೆದು, "ಎಲ್ಲವೂ ಯಥಾಪ್ರಕಾರ, ತೃಪ್ತಿಕರ" ಅಂತ ಬರೆದು, ಒದ್ದೆ ಪ್ಯಾಂಟಲ್ಲೇ ದಿಣ್ಣೆ ಹತ್ತಿ ನಮ್ಮ ಮನೆಗೆ ಬಂದು, ಸುಮ್ಮನೆ ಹೊತ್ತು ಹೋಗೋಕೆ ಒಂದು ಪುಸ್ತಕ ಸಿಗುತ್ತಾ ಅಂತ ಕೇಳಿದ್ರು.

ಮೇಡಂ ಹೆಸರು ಬರ್ಕೊಂಡ್ರು. ನನ್ನ ಹೆಂಡತಿ ಪುಸ್ತಕ ತಂದು, ಕೊಡೋ ಮುಂಚೆ ಟವೆಲು ಕೊಟ್ಟಳು.

"ಮೊದಲು ಕೈ ಒರೆಸ್ಕೊಳ್ಳಿ ಸಾಹೇಬ್ರೇ" ಅಂದ್ಲು. "ಹೇಗೆ ತಗೊಂಡು ಹೋಗ್ತೀರೋ ಹಾಗೇ ವಾಪಸ್ ಬರಬೇಕು."

ಸಾಹೇಬ್ರು ಕೈ ಒರೆಸ್ಕೊಂಡ್ರು. ನಿಯಮ ಅಂದ್ರೆ ನಿಯಮ.